ಕಣ್ಣು ಒದ್ದೆಯಾಗುವವರೆಗೆ

ಜನವರಿ 24

ಇವತ್ತು ಒಂದು ಕೋಟು ಕೆಡಿಸಿದೆ. ಗಂಡಸರ ಕೋಟಿಗೆ ಗುಂಡಿ ತೂರಿಸುವ ಕಾಜಾ ಎಡಗಡೆ ಬರಬೇಕು ಎನ್ನುವುದು ಈ ಕೆಲಸಕ್ಕೆ ಸೇರಿದ ಮೊದಲನೇ ದಿನ ಕಲಿಯುವ ಪಾಠ. ಇಪ್ಪತ್ತೇಳು ವರ್ಷ ಕಾಜಾ ಹೊಲಿದವಳು ಇವತ್ತು ಬಲಗಡೆ ಕತ್ತರಿ ಇಟ್ಟೆ. ಮೂರು ಕಾಜಾ ಕತ್ತರಿಸಿ, ಅಂಚಿಗೆ ರೇಷ್ಮೆ ದಾರ ಸುತ್ತಿ, ನಾಲ್ಕನೆಯದಕ್ಕೆ ಸೀಮೆಸುಣ್ಣದ ಗುರುತು ಹುಡುಕುವಾಗ ಗೊತ್ತಾಯಿತು, ಗುರುತು ಇರುವುದು ಆ ಕಡೆ ಎಂದು. ಉಣ್ಣೆ ಬಟ್ಟೆಗೆ ಒಮ್ಮೆ ಕತ್ತರಿ ಬಿದ್ದರೆ ದೇವರು ಬಂದರೂ ಸರಿಮಾಡಲಾರ.

ಟೈಲರ್ ಅಂಗಡಿಯ ಮಾಸ್ಟರ್ ಬೈಯಲಿಲ್ಲ. ಒಂದು ಗುಂಡಿ ಸಡಿಲವಾಗಿದ್ದರೆ ಅಂಗಡಿಯೇ ಅದುರುವಂತೆ ಕೂಗುವ ಮನುಷ್ಯ. ಕೋಟನ್ನು ಮಡಚಿ ಕಪಾಟಿನೊಳಗಿಟ್ಟು, "ಮೇಲೆ ನಿನ್ನ ಕೋಣೆಗೆ ಹೋಗಿ ಸ್ವಲ್ಪ ಮಲಕ್ಕೋಮ್ಮ" ಅಂದರು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಇದು ಅಂಗಡಿಯ ಹಳೇ ಅಳತೆ ಪುಸ್ತಕ. ಹಾಳೆಯ ಒಂದು ಬದಿಯಲ್ಲಿ ಯಾರ್ಯಾರದೋ ಎದೆ, ಸೊಂಟ, ತೋಳು. ಖಾಲಿ ಬದಿಯಲ್ಲಿ ನಾನು ದಪ್ಪ ಪೆನ್ನಿನಿಂದ ಬರೆಯುತ್ತೇನೆ. ಕಾಲರಿಗೆ ಹಾಕುವ ಗಟ್ಟಿ ಕ್ಯಾನ್ವಾಸಿನಲ್ಲಿ ಸಾಲಾಗಿ ಕಿಂಡಿ ಕತ್ತರಿಸಿ ಹಾಳೆಯ ಮೇಲಿಟ್ಟುಕೊಂಡಿದ್ದೇನೆ. ಕಣ್ಣು ಮುಚ್ಚಿ ಬರೆದರೂ ಸಾಲು ತಪ್ಪುವುದಿಲ್ಲ. ಇದನ್ನು ಓದುವವರು ಯಾರೂ ಇಲ್ಲ, ನಾನೂ ಓದಲಾರೆ. ಆದರೆ ಬರೆಯದಿದ್ದರೆ ಯಾರ ಮೇಲಾದರೂ ಏನಾದರೂ ಎಸೆದೇನು ಎಂಬ ಭಯ.

ಜನವರಿ 27

ಮಾಸ್ಟರ್ ಅಂಗಡಿಗೆ ಬೀಗ ಹಾಕಿ ನನ್ನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಅರ್ಧ ದಿನ ಅಂಗಡಿ ಮುಚ್ಚಿದ್ದು ನೋಡಿಯೇ ನನ್ನ ಕಣ್ಣಿನ ಸ್ಥಿತಿ ನನಗೆ ಅರ್ಥವಾಯಿತು.

ಡಾಕ್ಟರಮ್ಮ ನಾಲ್ಕು ವರ್ಷದಿಂದ ನನ್ನ ಕಣ್ಣು ನೋಡುತ್ತಿರುವವರು, ಸುತ್ತಿ ಬಳಸಿ ಮಾತಾಡುವವರಲ್ಲ. ಎಡಗಣ್ಣು ಎರಡು ವರ್ಷದ ಹಿಂದೆಯೇ ಬೆಳ್ಳಗಾಗಿ ಹೋಯಿತು. ಬಲಗಣ್ಣಿನ ರೆಪ್ಪೆಯ ಒಳಗೆಲ್ಲ ಗಾಯದ ಕಲೆ, ಕಣ್ಣೀರು ಬರುವ ದಾರಿಗಳೆಲ್ಲ ಮುಚ್ಚಿಹೋಗಿವೆ. ಹೋದ ವರ್ಷ ತುಟಿಯ ಒಳಗಿನ ತೆಳುಚರ್ಮ ತೆಗೆದು ರೆಪ್ಪೆಯ ಅಂಚಿಗೆ ಪಟ್ಟಿ ಹೊಲಿದಿದ್ದರು. ರೆಪ್ಪೆಯ ಕೂದಲು ಗುಡ್ಡೆಗೆ ಉಜ್ಜುವುದು ನಿಂತಿತು, ನೀರು ಮಾತ್ರ ಬರಲಿಲ್ಲ. ಹನಿ ಔಷಧಿ ಹಾಕಿದ ಐದೇ ನಿಮಿಷಕ್ಕೆ ಮತ್ತೆ ಕಣ್ಣೊಳಗೆ ಮರಳು.

"ಕಣ್ಣಿನ ಮುಂದಿನ ಪೊರೆ ಒಣಗಿ ಚರ್ಮ ಆಗ್ತಾ ಇದೆ," ಅಂದರು ಡಾಕ್ಟರಮ್ಮ. "ಹೀಗೇ ಬಿಟ್ರೆ ಈ ವರ್ಷದೊಳಗೆ ಇದೂ ಹೋಗುತ್ತೆ."

"ಉಳಿದಿರೋ ದಾರಿ?"

"ನಿಮ್ಮ ಬಾಯಿ."

ತಮಾಷೆ ಅಂದುಕೊಂಡೆ. ಅಲ್ಲ. ದವಡೆಯ ಕೆಳಗೆ ಎಂಜಲು ಹುಟ್ಟುವ ಗ್ರಂಥಿ ಇದೆಯಂತೆ. ಅದನ್ನು ರಕ್ತನಾಳದ ಸಮೇತ ತೆಗೆದು ಕಿವಿಗೂ ಕಣ್ಣಿಗೂ ನಡುವೆ ಚರ್ಮದ ಕೆಳಗೆ ಕೂರಿಸುತ್ತಾರೆ. ಅದರ ಕೊಳವೆಯನ್ನು ರೆಪ್ಪೆಯೊಳಗೆ ಬಿಡುತ್ತಾರೆ. ಬಾಯಿಗೆ ಬರಬೇಕಾದದ್ದು ಕಣ್ಣಿಗೆ ಬರುತ್ತದೆ. ನನ್ನ ಬಾಯಿಯಲ್ಲಿ ಎಂಜಲು ಚೆನ್ನಾಗಿದೆಯಂತೆ, ಪರೀಕ್ಷೆ ಮಾಡಿ ನೋಡಿದರು. ಇದೊಂದು ಪರೀಕ್ಷೆಯಲ್ಲಾದರೂ ಪಾಸಾದೆ.

"ಊಟ ಮಾಡೋವಾಗ ಕಣ್ಣಲ್ಲಿ ನೀರು ಬರಬಹುದು," ಅಂದರು. "ಮೊಸಳೆ ಕಣ್ಣೀರು ಅಂತಾರಲ್ಲ, ಅದೇ. ಆದ್ರೆ ಗ್ಯಾರಂಟಿ ಇಲ್ಲ. ಮೊದಲ ವಾರ ಹರಿಯುತ್ತೆ, ಆಮೇಲೆ ನರದ ಸಂಪರ್ಕ ಇಲ್ಲದೆ ಗ್ರಂಥಿ ಮಲಗಿಬಿಡುತ್ತೆ. ಮೂರು ತಿಂಗಳಾದ್ಮೇಲೆ ಏಳಬಹುದು. ಏಳದೇನೂ ಇರಬಹುದು. ಅಲ್ಲಿವರೆಗೆ ಗಂಟೆಗೊಂದ್ಸಲ ಹನಿ, ದಿನಕ್ಕೆ ಮೂರು ಸಲ ಬಿಸಿ ಬಟ್ಟೆ ಇಟ್ಟು ಗ್ರಂಥಿ ತಿಕ್ಕಬೇಕು. ಮನೇಲಿ ಯಾರಿದ್ದಾರೆ?"

ಯಾರೂ ಇಲ್ಲ ಎನ್ನಲು ಬಾಯಿ ತೆರೆದೆ. ಮಾಸ್ಟರ್ ನಡುವೆ ಬಾಯಿ ಹಾಕಿ, "ಅಕ್ಕ ಇದ್ದಾರೆ ಡಾಕ್ಟ್ರೇ" ಅಂದರು.

ಜನವರಿ 28

ಅಕ್ಕನಿಗೆ ಫೋನ್ ಮಾಡಿದ್ದೂ ಮಾಸ್ಟರೇ. ನಾನು ಮಾಡುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅಕ್ಕನ ಮನೆಗೆ ಹೋದಾಗ ಜ್ವರ ಬಂತು. ತನಗೆಂದು ತಂದು ಉಳಿದಿದ್ದ ಮಾತ್ರೆಯನ್ನು ಅವಳು ನನಗೆ ಕೊಟ್ಟಳು, ನೀರಿನ ಲೋಟದ ಸಮೇತ. ಹತ್ತನೇ ದಿನಕ್ಕೆ ಮೈಯ ಚರ್ಮ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು. ಬಾಯಿ, ಗಂಟಲು, ಕಣ್ಣು, ಎಲ್ಲ ಬೆಂದುಹೋದವು. ಚರ್ಮ ಮತ್ತೆ ಬಂತು, ಬಾಯಿ ವಾಸಿಯಾಯಿತು, ಕಣ್ಣು ವಾಸಿಯಾಗಲಿಲ್ಲ. ಆ ಮಾತ್ರೆ ಲಕ್ಷ ಜನ ತಿಂದರೆ ಯಾರೋ ಒಬ್ಬರಿಗೆ ಹೀಗಾಗುತ್ತದಂತೆ. ಮೊದಲೇ ತಿಳಿಯಲು ಯಾರಿಂದಲೂ ಸಾಧ್ಯವಿಲ್ಲವಂತೆ. ಅದು ನನಗೆ ಗೊತ್ತು. ಗೊತ್ತಿದ್ದರೇನು.

ಮರುವರ್ಷ ಅಮ್ಮ ಹೋದಳು. ನಾನು ಅಮ್ಮನ ತಲೆಯ ಹತ್ತಿರ ಕೂತಿದ್ದೆ, ಎದೆ ಒಡೆಯುತ್ತಿತ್ತು, ಕಣ್ಣಲ್ಲಿ ಹನಿ ಇಲ್ಲ. ಹಿಂದೆ ನಿಂತಿದ್ದ ಹೆಂಗಸರು, "ಎಂಥಾ ಕಲ್ಲು ಮನಸ್ಸು ನೋಡು" ಅಂದದ್ದು ಕೇಳಿಸಿತು. ಅಕ್ಕ ಪಕ್ಕದಲ್ಲೇ ಗೊಳೋ ಎಂದು ಅಳುತ್ತಿದ್ದಳು. ಅವಳಿಗೇನು, ಅವಳಿಗೆ ಕಣ್ಣೀರು ಇದೆಯಲ್ಲ. ಅವತ್ತಿನಿಂದ ನಮ್ಮಿಬ್ಬರ ನಡುವೆ ಬೇಕಾದಷ್ಟೇ ಮಾತು. ಚಿಕ್ಕಂದಿನಲ್ಲಿ ನನ್ನ ಮಾತು ಚುಚ್ಚುತ್ತದೆಂದು 'ಸೂಜಿ' ಎಂದು ಹೆಸರಿಟ್ಟವಳು ಅವಳು. ಈಗ ಹಾಗೆ ಕರೆಯುವ ಧೈರ್ಯ ಅವಳಿಗೂ ಇಲ್ಲ.

ಫೆಬ್ರವರಿ 2

ಅಕ್ಕ ಬಂದಳು. ಒಂದು ಚೀಲ, ಒಂದು ದೊಡ್ಡ ಪಾತ್ರೆ. ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು, ನೂರೈವತ್ತು ಜನಕ್ಕೆ ಬೇಯಿಸಿ ರೂಢಿ. ಭಾವ ತೀರಿಕೊಂಡ ಮೇಲೆ ಅವಳಿಗಿರುವುದು ಆ ಅಡುಗೆಮನೆಯೊಂದೇ.

ಚೀಲ ಕೆಳಗಿಡುತ್ತಲೇ ಹೇಳಿದಳು: "ಕಣ್ಣು ಒದ್ದೆ ಆಗೋವರೆಗೆ ಇರ್ತೀನಿ. ಆದ ದಿನ ಹೊರಡ್ತೀನಿ. ನಿನಗೆ ನನ್ನ ಮುಖ ನೋಡೋದು ಕಷ್ಟ ಅಂತ ಗೊತ್ತು."

"ಈಗ ಹೇಗೂ ಸರಿಯಾಗಿ ಕಾಣಲ್ಲ ಬಿಡು," ಅಂದೆ.

ಜೂನ್ ಹತ್ತಕ್ಕೆ ಹಾಸ್ಟೆಲಿನ ಹೊಸ ವರ್ಷ ಶುರುವಾಗುತ್ತದೆ. ಅಲ್ಲಿಯವರೆಗೆ ಬದಲಿಯವಳು ಇರುತ್ತಾಳೆ, ಅಷ್ಟರಲ್ಲಿ ಅಕ್ಕ ಹೋಗದಿದ್ದರೆ ಕೆಲಸ ಆ ಬದಲಿಯವಳಿಗೇ. ಅಷ್ಟರೊಳಗೆ ಒದ್ದೆಯಾಗದಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ.

"ಆಗೋವರೆಗೆ ಅಂದೆನಲ್ಲ," ಅಂದು ಅಕ್ಕಿ ತೊಳೆಯಲು ಹೋದಳು. ಇಬ್ಬರಿಗೆ ಮಾಡಿದ ಅನ್ನದಲ್ಲಿ ಕೆಳಗಿನ ಅಂಗಡಿಯವರೆಲ್ಲ ಊಟ ಮಾಡಿದರು.

ಫೆಬ್ರವರಿ 8

ಆಪರೇಷನ್ ಆಗಿ ನಾಲ್ಕು ದಿನ. ಏಳು ಗಂಟೆ ಹೊಲಿದರಂತೆ. ದವಡೆಯ ಕೆಳಗೆ ಒಂದು ಸಾಲು ಹೊಲಿಗೆ, ಕಿವಿಯ ಮುಂದೆ ಇನ್ನೊಂದು. ಬೆರಳಿನಿಂದ ಮುಟ್ಟಿ ನೋಡಿದೆ. ಒಳ್ಳೆ ಕೈ, ಹೊಲಿಗೆಯ ಅಂತರ ಒಂದೇ ಸಮ ಇದೆ.

ಕಣ್ಣು ಒದ್ದೆ ಇದೆ. ನಾಲ್ಕು ವರ್ಷದ ಮೇಲೆ ರೆಪ್ಪೆ ಗುಡ್ಡೆಯ ಮೇಲೆ ಜಾರಿತು. ಈ ಸುಖಕ್ಕೆ ಏನು ಹೆಸರಿಡಬೇಕೋ ತಿಳಿಯದು. ಇದು ನಿಲ್ಲುತ್ತದೆ ಎಂದು ಮೊದಲೇ ಹೇಳಿದ್ದಾರೆ. ನನಗೆ ಮಾತ್ರ ನಿಲ್ಲುವುದಿಲ್ಲ ಎಂದು ಯಾಕೋ ಅನ್ನಿಸುತ್ತಿದೆ.

ಫೆಬ್ರವರಿ 13

ನಿಂತಿತು.

ಫೆಬ್ರವರಿ 27

ಈಗ ನಮ್ಮ ದಿನಚರಿ ಹೀಗೆ. ಕಿಟಕಿಗೆ ಕೋಟಿನ ಒಳಗೆ ಹಾಕುವ ಕಪ್ಪು ಅಸ್ತರಿನ ಬಟ್ಟೆಯ ಪರದೆ. ಸೆಕೆಗೆ ಬೆಂದರೂ ಫ್ಯಾನ್ ಹಾಕುವಂತಿಲ್ಲ, ಗಾಳಿ ಕಣ್ಣನ್ನು ಒಣಗಿಸುತ್ತದೆ. ಅಕ್ಕ ಬೆವರಿನಲ್ಲಿ ತೊಯ್ದುಕೊಂಡು ಗಂಟೆಗೊಮ್ಮೆ ಹನಿ ಹಾಕುತ್ತಾಳೆ. ಮೂರು ಹೊತ್ತು ಬಿಸಿ ಬಟ್ಟೆ ಇಟ್ಟು ಗ್ರಂಥಿಯನ್ನು ತಿಕ್ಕುತ್ತಾಳೆ, ಹಿಟ್ಟು ನಾದುವ ಕೈ ಅದು.

ಬೆಳಿಗ್ಗೆ ನಿಂಬೆಹಣ್ಣಿನ ಪರೀಕ್ಷೆ. ಇದು ಡಾಕ್ಟರು ಹೇಳಿದ್ದಲ್ಲ, ಅಕ್ಕನ ಸ್ವಂತ ವೈದ್ಯ. ನಿಂಬೆಹಣ್ಣು ಕತ್ತರಿಸಿ ನನ್ನ ನಾಲಗೆಗೆ ಹಚ್ಚುತ್ತಾಳೆ, ಆಮೇಲೆ ಉಸಿರು ಬಿಗಿಹಿಡಿದು ನನ್ನ ಕಣ್ಣನ್ನೇ ನೋಡುತ್ತಾಳೆ. ಬಾಯಲ್ಲಿ ನೀರೂರುತ್ತದೆ, ಹಲ್ಲು ಚುಳ್ ಎನ್ನುತ್ತದೆ, ಕಣ್ಣಿಗೆ ಮಾತ್ರ ಸುದ್ದಿಯೇ ತಲುಪುವುದಿಲ್ಲ.

"ನಾಳೆ ನೋಡೋಣ," ಅನ್ನುತ್ತಾಳೆ. ದಿನಾ ಅದೇ ಮಾತು, ಅದೇ ದನಿ.

ಊಟ ಮಾಡುವಾಗಲೂ ಎದುರು ಕೂತು ನೋಡುತ್ತಾಳೆ, ಒಲೆಯ ಮೇಲಿನ ಹಾಲನ್ನು ನೋಡುವಂತೆ. ಇವತ್ತು ತಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ಕೂತೆ.

ಮಾರ್ಚ್ 15

ಬೆಳಿಗ್ಗೆ ನಿಂಬೆಹಣ್ಣಿನ ಹೊತ್ತಿಗೆ ಸಹನೆ ಸತ್ತಿತು. ಬಾಯಿಂದ ಬಂದೇಬಿಟ್ಟಿತು: "ಆ ಮಾತ್ರೆ ಕೊಟ್ಟಾಗಲೂ ಹೀಗೇ ನೋಡ್ತಾ ಕೂತಿದ್ಯಾ?"

ಅಕ್ಕ ಚಾಕು ಕೆಳಗಿಟ್ಟಳು. ಆಮೇಲೆ ಅಂದಳು:

"ಕೂತಿದ್ದೆ. ಜ್ವರ ಇಳಿಯುತ್ತಾ ಅಂತ ಹಣೆ ಮುಟ್ಟಿ ಮುಟ್ಟಿ ನೋಡ್ತಾ ಕೂತಿದ್ದೆ. ಇಳೀತು. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ ಅವತ್ತು."

ಅವಳು ಅತ್ತಿದ್ದರೆ ನಾನು ಇನ್ನೂ ಎರಡು ಮಾತು ಚುಚ್ಚುತ್ತಿದ್ದೆ. ಅಳಲಿಲ್ಲ. ನಿಂಬೆಹಣ್ಣಿನ ಇನ್ನರ್ಧವನ್ನು ನೀರಿಗೆ ಹಿಂಡಿ ಸಕ್ಕರೆ ಹಾಕಿ ನನಗೇ ಕುಡಿಯಲು ಕೊಟ್ಟಳು.

ಮಾರ್ಚ್ 16

ಇಡೀ ದಿನ ಇಬ್ಬರೂ ಮಾತಾಡಲಿಲ್ಲ. ಹನಿ ಮಾತ್ರ ಗಂಟೆ ತಪ್ಪಲಿಲ್ಲ.

ಏಪ್ರಿಲ್ 6

ಕಣ್ಣಿನ ಮುಂದಿನ ಪೊರೆಯಲ್ಲಿ ಹುಣ್ಣಾಗಿದೆ. ಮೂರು ದಿನದಿಂದ ಯಾರೋ ಕಣ್ಣೊಳಗೆ ಸೂಜಿಪೆಟ್ಟಿಗೆ ಸುರಿದಂತೆ ನೋವು. ದೀಪದ ಬುಡ್ಡಿ ಕಂಡರೂ ಕಿರುಚುವಂತಾಗುತ್ತದೆ. ಇನ್ನೊಂದು ವಾರ ನೋಡುತ್ತಾರಂತೆ, ಹುಣ್ಣು ಮಾಯದಿದ್ದರೆ ರೆಪ್ಪೆಗಳನ್ನು ಒಂದಕ್ಕೊಂದು ಹೊಲಿಯುತ್ತಾರಂತೆ. ಮೂಲೆಯಲ್ಲಿ ಒಂದು ಚೂರು ಸಂದು ಬಿಡುತ್ತಾರಂತೆ. ಕಾಜಾದಷ್ಟು.

ಗ್ರಂಥಿ ಎದ್ದಿಲ್ಲ. ಎರಡು ತಿಂಗಳಾಯಿತು. ಇಲ್ಲದ ಊರಿಗೆ ದಾರಿ ಕೇಳಿಕೊಂಡು ಮುಖವನ್ನೆಲ್ಲ ಕತ್ತರಿಸಿಕೊಂಡೆ. ಇದೂ ಹೋದರೆ ನಾನು ಬದುಕುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಸಿಟ್ಟಿನಲ್ಲಿ ಹೇಳಿದ್ದಲ್ಲ, ಇವತ್ತು ತಾರೀಕು ಇಷ್ಟು ಎನ್ನುವಂತೆ ಹೇಳಿದೆ.

ಸಂಜೆ ಕೈಯಾಡಿಸಿದರೆ ಮಂಚದ ಕೆಳಗೆ ನನ್ನ ಕತ್ತರಿಗಳ ಪೆಟ್ಟಿಗೆ ಇಲ್ಲ. ಹುಚ್ಚಿ. ಬಟ್ಟೆ ಕತ್ತರಿಸುವ ಕತ್ತರಿಯನ್ನು ನಾನು ಕಾಗದಕ್ಕೂ ಮುಟ್ಟಿಸುವವಳಲ್ಲ, ಅಲಗು ಮೊಂಡಾಗುತ್ತದೆ. ಇದನ್ನು ಅವಳಿಗೆ ಹೇಳಿದೆ. ಅವಳು ನಕ್ಕಳು, ಪೆಟ್ಟಿಗೆ ಮಾತ್ರ ವಾಪಸು ಕೊಡಲಿಲ್ಲ. ಹಾಸಿಗೆಯನ್ನು ನನ್ನ ಮಂಚಕ್ಕೆ ಅಂಟಿಸಿ ಹಾಕಿಕೊಂಡಳು. ಕೈ ಕೆಳಗೆ ಬಿಟ್ಟರೆ ಅವಳ ತಲೆ ಸಿಗುತ್ತದೆ.

ಏಪ್ರಿಲ್ 19

ಹುಣ್ಣು ಸ್ವಲ್ಪ ಮಾಯುತ್ತಿದೆ. ರೆಪ್ಪೆ ಹೊಲಿಯುವುದು ಮುಂದಕ್ಕೆ ಹೋಯಿತು. ಹುಣ್ಣಾದ ಮೇಲೆ ಅರ್ಧ ಗಂಟೆಗೊಮ್ಮೆ ಹನಿ ಹಾಕಿದ್ದಕ್ಕೇ ಉಳಿಯಿತು ಎಂದರು ಡಾಕ್ಟರಮ್ಮ. ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ, ನಾನು ಹನಿ ಬಿಟ್ಟುಕೊಂಡು ಬಿದ್ದಿರುತ್ತೇನೆ.

ಅಕ್ಕನ ಚೀಲದ ಹಿಡಿ ಕಿತ್ತುಹೋಗಿತ್ತು. ಅವಳು ಗಂಟು ಹಾಕಿಕೊಂಡು ತಿರುಗುತ್ತಿದ್ದಳು. ನೋಡಲಾಗದೆ (ನೋಡುವುದೇನು ಬಂತು, ಕೈಗೆ ಸಿಕ್ಕಾಗಲೆಲ್ಲ ಆ ಗಂಟು ಚುಚ್ಚುತ್ತಿತ್ತು) ಅವಳಿಂದಲೇ ಸೂಜಿಗೆ ದಾರ ಪೋಣಿಸಿಕೊಂಡು, ಬೆರಳಿನ ಅಂದಾಜಿನಲ್ಲಿ ಹೊಲಿದೆ. ಒಳಗೆ ಎರಡು ಪದರ ಕ್ಯಾನ್ವಾಸ್ ಕೊಟ್ಟೆ. ಇನ್ನು ಹತ್ತು ವರ್ಷ ಕೇಳುವ ಹಾಗಿಲ್ಲ. ಕೈ ಖಾಲಿ ಕೂತಿತ್ತು, ಅದಕ್ಕೆ ಮಾಡಿದ್ದು.

ಮೇ 5

ಆಸ್ಪತ್ರೆ. ಅಕ್ಕ ಔಷಧಿ ತರಲು ಕೆಳಗಿಳಿದಿದ್ದಾಗ ಡಾಕ್ಟರಮ್ಮ ಹೇಳಿದರು: "ಇನ್ನೊಂದು ತಿಂಗಳು ಬಿಟ್ಟು ಬನ್ನಿ. ನಡುವೆ ನೀರು ಶುರುವಾದ್ರೆ ಮಾತ್ರ ಅವತ್ತೇ ಬರಬೇಕು. ಇದು ನಿಜವಾದ ಕಣ್ಣೀರಲ್ಲ, ಎಂಜಲು. ಜಾಸ್ತಿ ಹರಿದ್ರೆ ಪೊರೆ ನೀರು ಕುಡಿದು ಊದಿಕೊಂಡು ಮಂಜಾಗುತ್ತೆ. ಹಾಗೇ ಬಿಟ್ರೆ ಈ ಕಣ್ಣೂ ಕೆಡುತ್ತೆ. ಜಾಸ್ತಿ ಆದ್ರೆ ಗ್ರಂಥಿನ ಸ್ವಲ್ಪ ಕತ್ತರಿಸಿ ಚಿಕ್ಕದು ಮಾಡಬಹುದು."

ಇಲ್ಲದ ನೀರು ಜಾಸ್ತಿಯಾಗುವ ಚಿಂತೆ. ಕೂಸು ಹುಟ್ಟುವ ಮುನ್ನ ಕುಲಾವಿ.

ಮೇ 9

ಅಕ್ಕ ಹನಿ ಔಷಧಿ ತರಲು ಹೋಗಿದ್ದಳು. ಹಸಿವಾಗಿ, ಬೆಳಿಗ್ಗೆ ಪರೀಕ್ಷೆಗೆ ಕತ್ತರಿಸಿದ್ದ ನಿಂಬೆಹಣ್ಣಿನ ಉಳಿದ ಅರ್ಧವನ್ನು ತಣ್ಣನೆ ಅನ್ನಕ್ಕೆ ಹಿಂಡಿ, ಉಪ್ಪು ಕಲಸಿ ಗೋಡೆಗೆ ಮುಖ ಮಾಡಿ ಕೂತೆ. ಎರಡನೇ ತುತ್ತಿಗೆ ಕಿವಿಯ ಮುಂದೆ ಏನೋ ಜುಂ ಎಂದಿತು. ಕೆನ್ನೆಯ ಮೇಲೆ ಇರುವೆ ಹರಿದಂತಾಯಿತು. ಒರೆಸಿಕೊಂಡರೆ ಬೆರಳು ಒದ್ದೆ. ಮೂರನೇ ತುತ್ತು. ಮತ್ತೆ ಬಂತು.

ತಟ್ಟೆ ಅಲ್ಲೇ ಬಿಟ್ಟು ಪರದೆ ಸರಿಸಿದೆ. ಬೆಳಕು ಚುಚ್ಚಲಿಲ್ಲ. ಎದುರು ಗೋಡೆಯ ಇಟ್ಟಿಗೆಗಳ ನಡುವಿನ ಗೆರೆ ಕಂಡಿತು. ಸೂಜಿ ಹುಡುಕಿ ತಂದೆ, ದಾರದ ತುದಿಯನ್ನು ರೂಢಿಯಂತೆ ಬಾಯಲ್ಲಿ ನೆನೆಸಿ ಚೂಪು ಮಾಡಿದೆ. ಇಪ್ಪತ್ತೇಳು ವರ್ಷ ದಾರ ನೆನೆಸಿದ ಎಂಜಲು ಈಗ ಕಣ್ಣನ್ನೂ ನೆನೆಸುತ್ತಿದೆ ಎನ್ನಿಸಿ ನಗು ಬಂತು. ಒಂದೇ ಸಲಕ್ಕೆ ಪೋಣಿಸಿದೆ.

ಮೆಟ್ಟಿಲ ಮೇಲೆ ಅಕ್ಕನ ಹೆಜ್ಜೆ ಕೇಳಿಸಿತು. ಹೇಳಬೇಕು ಎಂದು ಎದ್ದೆ. ಅವಳು ಬಂದು, "ಏನು, ಪರದೆ ಸರಿಸಿದ್ದೀಯ?" ಅಂದಳು. "ಸೆಕೆ," ಅಂದೆ.

ಒಂದು ಸಲ ಬಂದದ್ದು ಮೊದಲ ವಾರದಂತೆ ನಿಂತರೆ ಅವಳಿಗೂ ನಿರಾಸೆ. ನಾಳೆ ಇನ್ನೊಮ್ಮೆ ಬಂದರೆ ಹೇಳೋಣ.

ಮೇ 11

ಬರುತ್ತಿದೆ. ಊಟಕ್ಕೆ ಮೂರು ಹೊತ್ತೂ ಬರುತ್ತಿದೆ. ಇವತ್ತು ಹೇಳುತ್ತಿದ್ದೆ, ಆದರೆ ಅವಳು ಅಷ್ಟೊಂದು ಬಟ್ಟೆ ನೆನೆಸಿಟ್ಟಿದ್ದಳು, ಹೇಳಿದರೆ ಬಿಟ್ಟು ಕುಣಿಯುತ್ತಾಳೆ. ನಿಂಬೆಹಣ್ಣಿನ ಪರೀಕ್ಷೆ ಬೇಡ, ತುಟಿ ಉರಿಯುತ್ತದೆ ಎಂದು ಹೇಳಿ ನಿನ್ನೆ ಬೆಳಿಗ್ಗೆಯೇ ನಿಲ್ಲಿಸಿದ್ದೆ. ಜಗಳವಾಡುತ್ತಾಳೆ ಎಂದುಕೊಂಡಿದ್ದೆ, "ಸರಿ" ಅಂದಳು.

ಮೇ 17

ಎರಡು ಕರವಸ್ತ್ರ ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. ಗೋಡೆಗೆ ಮುಖ ಮಾಡಿ ಉಣ್ಣುವುದು ಮೊದಲೇ ರೂಢಿಯಾದದ್ದು ಒಳ್ಳೆಯದಾಯಿತು. ಇಷ್ಟು ಸಲೀಸಾಗಿ ಅಕ್ಕನ ಕಣ್ಣಿಗೆ ಮಣ್ಣೆರಚಬಹುದು ಎಂದು ಗೊತ್ತಿರಲಿಲ್ಲ.

ಹೇಳದಿರಲು ಕಾರಣಗಳಿವೆ. ಹನಿ ಹಾಕುವುದು ಇನ್ನೂ ಇದೆ. ಬಿಸಿ ಬಟ್ಟೆ ಇದೆ. ಅವಳು ಹೊರಟುಬಿಟ್ಟರೆ ನೂರೈವತ್ತು ಜನದ ಪಾತ್ರೆಯನ್ನು ಯಾರು ಹೊತ್ತು ಕೆಳಗಿಳಿಸುವುದು. ಇನ್ನೊಂದು ವಾರ ಗಟ್ಟಿಯಾಗಲಿ.

ಮಧ್ಯಾಹ್ನ ಅಕ್ಕ ಹಾಸ್ಟೆಲಿನ ಕಥೆ ಹೇಳಿದಳು. ಒಬ್ಬಳು ಹುಡುಗಿ ದಿನಾ ಬಂದು ಸೀದ ಅನ್ನವೇ ಬೇಕು ಎಂದು ಕೇಳುತ್ತಾಳಂತೆ. ಅವಳಿಗೋಸ್ಕರ ಅಕ್ಕ ಬೇಕೆಂದೇ ತಳ ಹಿಡಿಸುತ್ತಾಳಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಥೆ ಮುಗಿದ ಮೇಲೆ ಅವಳು ಬೆರಳು ಮಡಚಿ ಜೂನ್ ಹತ್ತಕ್ಕೆ ದಿನ ಎಣಿಸಿದಳು. ಆ ಹುಡುಗಿಯ ಮೇಲೆ ನನಗೆ ಯಾಕೋ ಸಿಟ್ಟು ಬಂತು.

ಮೇ 24

ಎರಡು ದಿನದಿಂದ ಬೆಳಿಗ್ಗೆ ಎದ್ದಾಗ ಕೋಣೆಯಲ್ಲಿ ಹೊಗೆ ತುಂಬಿದಂತೆ ಕಾಣುತ್ತದೆ. ಬಲ್ಬಿನ ಸುತ್ತ ಬಣ್ಣದ ಬಳೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ತಿಳಿಯಾಗುತ್ತದೆ, ಊಟವಾದ ಮೇಲೆ ಮತ್ತೆ ಹೊಗೆ.

ಏನೆಂದು ನನಗೆ ಗೊತ್ತು. ಡಾಕ್ಟರಮ್ಮ ಹೇಳಿದ್ದು ಕಿವಿಯಲ್ಲೇ ಇದೆ.

ಅಕ್ಕ ಹಾಸ್ಟೆಲಿಗೆ ಫೋನ್ ಮಾಡಿ, "ಇನ್ನೂ ಒದ್ದೆ ಆಗಿಲ್ಲ, ಹತ್ತಕ್ಕೆ ಬರೋದು ಕಷ್ಟ ಆಗಬಹುದು" ಎಂದು ಹೇಳುವುದು ಕೇಳಿಸಿತು. ಎದೆ ಹಗುರವಾಯಿತು. ತಕ್ಷಣ ನಾಚಿಕೆಯೂ ಆಯಿತು. ಮೊದಲು ಬಂದದ್ದು ಮಾತ್ರ ಹಗುರವೇ.

ಇನ್ನೆರಡು ದಿನ.

ಮೇ 26

ಸೂಜಿಯ ಕಣ್ಣು ಕಾಣಲಿಲ್ಲ. ಹನ್ನೊಂದು ಸಲ ಪ್ರಯತ್ನಿಸಿದೆ. ಕಡಿಮೆ ತಿಂದರೆ ನೀರು ಕಡಿಮೆಯಾದೀತು ಎಂದು ಊಟ ಬಿಟ್ಟೆ. ಅಕ್ಕ ಬೈದಳು.

ಮೇ 28

ಇವತ್ತು ಬೆಳಿಗ್ಗೆ ಅಕ್ಕನ ಮುಖ ಕಾಣಲಿಲ್ಲ. ಮಂಚದ ಪಕ್ಕ ಕೂತು ಹನಿ ಹಾಕುತ್ತಿದ್ದಳು, ಒಂದು ಬಿಳಿ ಮೋಡ ನನ್ನ ಮೇಲೆ ಬಾಗಿದಂತಿತ್ತು. ಅದರಲ್ಲಿ ಕಣ್ಣು ಮೂಗು ಏನೂ ಇಲ್ಲ. ಇವಳನ್ನು ಉಳಿಸಿಕೊಳ್ಳಲು ಹೋಗಿ ಇವಳ ಮುಖವನ್ನೇ ಕಳೆದುಕೊಳ್ಳುತ್ತಿದ್ದೇನೆ ಎಂದು ಆಗ ಹೊಳೆಯಿತು.

ಊಟದ ಹೊತ್ತಿಗೆ ತಟ್ಟೆ ತೆಗೆದುಕೊಂಡು ಅವಳ ಕಡೆ ತಿರುಗಿ ಕೂತೆ. ಒಂದು ತುತ್ತು ಬಾಯಿಗಿಟ್ಟೆ. ಕೆನ್ನೆಯ ಮೇಲೆ ಹರಿಯಿತು, ಗಲ್ಲದಿಂದ ತಟ್ಟೆಗೆ ತೊಟ್ಟಿಕ್ಕಿತು. ಒರೆಸಿಕೊಳ್ಳಲಿಲ್ಲ.

ಅಕ್ಕ ಬೆಚ್ಚಲಿಲ್ಲ. "ಗೊತ್ತು," ಅಂದಳು. "ಹದಿನೈದು ದಿನದಿಂದ ದಿಂಬಿನ ಕವರು, ಕರವಸ್ತ್ರ ಒಗೆಯೋದು ಯಾರು?"

"ಮತ್ತೆ ಕೇಳಲಿಲ್ಲ ಯಾಕೆ?"

"ಹೇಗೆ ಕೇಳ್ಲಿ. ಒದ್ದೆ ಆದ್ರೆ ನನ್ನ ತಪ್ಪು ತೀರಿತು ಅಂತ ನಾನು ಅಂದ್ಕೊಳ್ತೀನಿ, ಅದು ಆಗಬಾರದು ಅಂತ ನೀನು ಮುಚ್ಚಿಡ್ತಾ ಇದ್ದೀಯ ಅಂದ್ಕೊಂಡೆ. ನಿನಗೆ ಅಷ್ಟೂ ಹಕ್ಕಿಲ್ವಾ ಅಂತ ಸುಮ್ಮನಿದ್ದೆ. ಹಾಸ್ಟೆಲಿಗೂ ಒದ್ದೆ ಆಗಿಲ್ಲ ಅಂತಲೇ ಹೇಳಿದೆ."

ನನ್ನ ನಾಲಗೆ ಒಣಗಿತು, ಕಣ್ಣಿನ ನೀರು ಮಾತ್ರ ನಿಂತಿರಲಿಲ್ಲ. ಬೆಳಿಗ್ಗೆ ಮುಖ ಕಾಣದ್ದು, ಬಲ್ಬಿನ ಬಳೆ, ಡಾಕ್ಟರಮ್ಮ ಹೇಳಿದ್ದು, ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಉಸಿರು ಜೋರಾಯಿತು.

"ನನ್ನ ಮೇಲಿನ ಸಿಟ್ಟಿಗೆ ನಿನ್ನ ಕಣ್ಣು ಕಳ್ಕೊಳ್ತೀಯಾ?"

"ಸಿಟ್ಟಿಗಲ್ಲ."

"ಮತ್ಯಾಕೆ?"

"ಒದ್ದೆ ಆದ ದಿನ ಹೊರಡ್ತೀನಿ ಅಂದಿದ್ದೆಯಲ್ಲ."

ಅಷ್ಟೇ ಹೇಳಿದ್ದು. ಅದಕ್ಕಿಂತ ಹೆಚ್ಚು ನನ್ನ ಬಾಯಿಗೆ ಬರುವುದಿಲ್ಲ. ಅಕ್ಕ ಎದ್ದು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡಳು, ತನ್ನ ಸೆರಗಿನಿಂದಲೇ ನನ್ನ ಕೈ ಬಾಯಿ ಒರೆಸಿದಳು. "ನಡಿ ಆಸ್ಪತ್ರೆಗೆ," ಅಂದಳು. ಮೆಟ್ಟಿಲಿಳಿಯುವಾಗ ಅವಳ ಚಪ್ಪಲಿ ಅದಲುಬದಲಾಗಿತ್ತು. ಇಬ್ಬರಿಗೂ ಬಸ್ಸಿನಲ್ಲಿ ಕೂತ ಮೇಲೆಯೇ ಗೊತ್ತಾಗಿದ್ದು.

ಜೂನ್ 3

ಗ್ರಂಥಿಯ ಮೂರನೇ ಒಂದು ಭಾಗ ತೆಗೆದರು. ಇನ್ನು ನಾಲ್ಕೈದು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ನನಗೆ ಬೈದರು. ಅಕ್ಕನಿಗೂ ಬೈದರು. ಒಗೆಯುವವಳಿಗೆ ಗೊತ್ತಿತ್ತಲ್ಲ, ಬಾಯಲ್ಲಿ ಏನು ಇಟ್ಟುಕೊಂಡಿದ್ದಿರಿ ಎಂದು. ನಾವಿಬ್ಬರೂ ತಲೆ ತಗ್ಗಿಸಿ ನಿಂತೆವು. ಅಮ್ಮನ ಎದುರು ಹೀಗೆ ಜೊತೆಯಾಗಿ ನಿಂತು ಎಷ್ಟು ವರ್ಷವಾಯಿತೋ.

ಜೂನ್ 6

ಹೊಗೆ ಇಳಿಯುತ್ತಿದೆ. ಅಕ್ಕನ ಬಲಗೈ ಮೇಲೆ ಹಳೇ ಸುಟ್ಟ ಕಲೆ ಇದೆ, ಎಲೆಯಾಕಾರದ್ದು. ಕಲೆ ಎಲ್ಲಿದೆಯೋ ಅಲ್ಲೇ ಕಾಣುತ್ತಿದೆ. ನೀರು ಈಗ ಅಳತೆಗೆ ಸರಿಯಾಗಿದೆ, ಸುಮ್ಮನೆ ಕೂತಾಗ ಕಣ್ಣು ತೇವ, ಊಟಕ್ಕೆ ಕೂತಾಗ ಒಂದೆರಡು ಹನಿ. ಕತ್ತರಿಗಳ ಪೆಟ್ಟಿಗೆ ಮಂಚದ ಕೆಳಗೆ ವಾಪಸು ಬಂದಿದೆ.

ಹತ್ತಕ್ಕೆ ಹೋಗು ಎಂದು ನಾನೇ ಹೇಳಿದೆ. "ಆ ಸೀದ ಅನ್ನದವಳು ಕಾಯ್ತಾ ಇರ್ತಾಳೆ," ಅಂದೆ. ರಜೆಗೆ ಬರುತ್ತೇನೆ ಅಂದಳು. ಪಾತ್ರೆ ಇಲ್ಲೇ ಬಿಟ್ಟು ಹೋಗುತ್ತಾಳಂತೆ.

ಜೂನ್ 9

ಬೆಳಿಗ್ಗೆ ಅಂಗಡಿಗೆ ಇಳಿದು ನಾಲ್ಕು ಕಾಜಾ ಹೊಲಿದೆ, ಎಡಗಡೆ. ಒಂದರ ಮೂಲೆ ಸ್ವಲ್ಪ ಸೊಟ್ಟಗಿದೆ ಎಂದು ಮಾಸ್ಟರ್ ಅಂಗಡಿ ಅದುರುವಂತೆ ಕೂಗಿದರು. ಕೇಳಿ ಹಿತವಾಯಿತು.

ಆಮೇಲೆ ಅಕ್ಕನ ಜೊತೆ ಬಸ್ ನಿಲ್ದಾಣಕ್ಕೆ ಹೋದೆ. ನಾನು ಹೊಲಿದ ಹಿಡಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಿಟಕಿಯ ಪಕ್ಕ ಕೂತಳು. ಹನಿ ಮರೀಬೇಡ, ಗಾಳಿಗೆ ಹೋಗಬೇಡ, ಎರಡೇ ಲೋಟ ಅಕ್ಕಿ ಹಾಕು ಎಂದು ಹೇಳಿದ್ದನ್ನೇ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿ ಬಂತು. ಎಂದಿನಂತೆ ಧಾರಾಳವಾಗಿ.

ನನ್ನದು ಒಣಗಿರಲಿಲ್ಲ, ಆದರೆ ತುಂಬಲೂ ಇಲ್ಲ. ಎದೆಯೊಳಗೆ ಅಮ್ಮ ಹೋದ ದಿನದ್ದೇ ಭಾರ, ಅದೇ ಜಾಗದಲ್ಲಿ. ಆದರೆ ಆ ಗ್ರಂಥಿಗೆ ದುಃಖ ತಿಳಿಯುವುದಿಲ್ಲ, ಊಟ ಮಾತ್ರ ತಿಳಿಯುತ್ತದೆ. ಈ ಸಲವೂ ಹೀಗೇ ಕಲ್ಲಿನಂತೆ ನಿಂತು ಅವಳನ್ನು ಕಳಿಸಿಕೊಡಲು ನನಗೆ ಮನಸ್ಸಿರಲಿಲ್ಲ. ಹೀಗಾಗುತ್ತದೆ ಎಂದು ಗೊತ್ತಿದ್ದೇ ಬೆಳಿಗ್ಗೆ ಒಂದು ನಿಂಬೆಹಣ್ಣು ಕತ್ತರಿಸಿ, ಅರ್ಧವನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಿದ್ದೆ.

ಬಸ್ಸು ಶುರುವಾದಾಗ ಅದನ್ನು ತೆಗೆದು, ಅವಳಿಗೆ ಕಾಣುವಂತೆ ಕಿಟಕಿಯ ಎದುರೇ ನಿಂತು ಕಚ್ಚಿದೆ.

ಬಂತು. ಕಿವಿಯ ಮುಂದೆ ಜುಂ ಎಂದು, ಕೆನ್ನೆಯ ಮೇಲೆ ಇಳಿದು, ಗಲ್ಲದವರೆಗೆ ಬಂತು. ಅಕ್ಕ ಬಾಯಿ ತೆರೆದು ನೋಡಿದಳು. ಆಮೇಲೆ ಅಳುತ್ತಲೇ ನಕ್ಕಳು. "ಏ ಸೂಜಿ," ಎಂದು ಕೂಗಿದಳು, "ಸಾಕು ಕಣೇ, ಹಲ್ಲು ಜುಮ್ ಅನ್ನುತ್ತೆ."

ಬಸ್ಸು ತಿರುವು ದಾಟುವವರೆಗೆ ನಾನು ನಿಂಬೆಹಣ್ಣನ್ನು ಬಾಯಿಂದ ತೆಗೆಯಲಿಲ್ಲ.